ಹೋಗಿ ನೋಡಿ ಬರುವ ಮೇಷ್ಟ್ರು

ಪರದೇಶಕ್ಕೆ ಪಾಠ ಹೇಳಲು ಹೋದ ಮೇಷ್ಟ್ರನ್ನು ಕಟ್ಟಿಹಾಕುವಂಥದ್ದು ಹೆಚ್ಚೇನೂ ಇರುವುದಿಲ್ಲ. ಅವಧಿ ಮುಗಿದ ದಿನ ಗಂಟುಮೂಟೆ ಕಟ್ಟಿಕೊಂಡು ಹೊರಟರೆ ಆಯಿತು, ಯಾರೂ ತಪ್ಪು ತಿಳಿಯುವುದಿಲ್ಲ. ಇವರು ಇಂದಲ್ಲ ನಾಳೆ ಹೋಗುವವರು ಅನ್ನುವುದು ಮಕ್ಕಳಿಗೂ ಮೊದಲ ದಿನವೇ ಗೊತ್ತಿರುತ್ತದೆ. ಹಾಗೆ ಹೊರಟುಹೋದ ಮೇಲೂ ತಿರುತಿರುಗಿ ಬಂದ ಒಬ್ಬ ಮೇಷ್ಟ್ರ ವಿಷಯ ಇವತ್ತು ಹೇಳಬೇಕೆನಿಸಿದೆ.

ಅಮೆರಿಕದ ಪೀಟರ್ ಹೆಸ್ಲರ್ 1996ರಲ್ಲಿ ಚೀನಾದ ಫುಲಿಂಗ್ ಎಂಬ ಊರಿಗೆ ಬಂದಿಳಿದಾಗ ಅವರಿಗೆ 27 ವರ್ಷ. ಅಮೆರಿಕ ಸರ್ಕಾರದ ‘ಪೀಸ್ ಕೋರ್’ ಯೋಜನೆಯ ಸ್ವಯಂಸೇವಕರಾಗಿ ಬಂದಿದ್ದರು. ಇದೇ ಯೋಜನೆಯವರು 1961ರಿಂದ 1976ರವರೆಗೆ ನಮ್ಮ ದೇಶದಲ್ಲೂ ಇದ್ದು ಕೆಲಸ ಮಾಡಿದ್ದಾರೆ. ಫುಲಿಂಗ್ ಇರುವುದು ಯಾಂಗ್‌ತ್ಸೆ ಮತ್ತು ವೂ ನದಿಗಳು ಕೂಡುವ ಜಾಗದಲ್ಲಿ, ಬೆಟ್ಟದ ಇಳಿಜಾರಿನ ಮೇಲೆ. ಆಗ ಅಲ್ಲಿಗೆ ರೈಲಿರಲಿಲ್ಲ. ಚೋಂಗ್ಚಿಂಗ್ ನಗರದಿಂದ ಗಂಟೆಗಟ್ಟಲೆ ಹಡಗಿನಲ್ಲಿ ಕೂತು ಬರಬೇಕಿತ್ತು. ಅಲ್ಲಿನ ಶಿಕ್ಷಕರ ತರಬೇತಿ ಕಾಲೇಜಿನಲ್ಲಿ ಹೆಸ್ಲರ್ ಮತ್ತು ಆಡಂ ಮೈಯರ್ ಎಂಬ ಇನ್ನೊಬ್ಬ ಸ್ವಯಂಸೇವಕರು ಎರಡು ವರ್ಷ ಇಂಗ್ಲಿಷ್ ಕಲಿಸಿದರು.

ತರಗತಿಯಲ್ಲಿದ್ದವರು ಬಹುಪಾಲು ರೈತರ ಮಕ್ಕಳು. ಎಷ್ಟೋ ಜನ ತಮ್ಮ ಮನೆಯಿಂದ ಕಾಲೇಜು ಮೆಟ್ಟಿಲು ಹತ್ತಿದ ಮೊದಲಿಗರು. ಷೇಕ್ಸ್‌ಪಿಯರನ ಸುನೀತ ಪಾಠವಾಗುವಾಗ, ಆ ಪದ್ಯದ ಚೆಲುವೆ ನಿಮ್ಮ ಕಣ್ಣಿಗೆ ಹೇಗೆ ಕಾಣುತ್ತಾಳೆ ಎಂದು ಮೇಷ್ಟ್ರು ಕೇಳಿದರಂತೆ. ಅವಳ ಬೆರಳು ಎಳೆ ಈರುಳ್ಳಿಯ ಹಾಗೆ ಸಪೂರ ಎಂಬಂಥ ಉತ್ತರ ಬಂತು. ಇಂಗ್ಲೆಂಡಿನ ಕವಿತೆ ಫುಲಿಂಗಿನ ಹೊಲದಲ್ಲಿ ನಿಂತಿತ್ತು. ತಾನು ಕಲಿಸಲು ಬಂದವನೋ ಕಲಿಯಲು ಬಂದವನೋ ಎಂಬ ಪ್ರಶ್ನೆ ಆ ಮೇಷ್ಟ್ರಿಗೆ ಅಲ್ಲೇ ಹುಟ್ಟಿರಬೇಕು.

1998ರಲ್ಲಿ ಅವಧಿ ಮುಗಿಯಿತು. ಹುಡುಗ ಹುಡುಗಿಯರು ಸರ್ಕಾರ ಗೊತ್ತುಮಾಡಿದ ಹಳ್ಳಿಶಾಲೆಗಳಿಗೆ ಪಾಠ ಹೇಳಲು ಹೋದರು. ಕೆಲವರು ಆ ಕೆಲಸ ಬಿಟ್ಟು ದೂರದ ಕರಾವಳಿ ನಗರಗಳ ದಾರಿ ಹಿಡಿದರು. ಹೆಸ್ಲರ್ ಬೀಜಿಂಗ್ ಸೇರಿ ಪತ್ರಕರ್ತರಾದರು. ಇಲ್ಲಿಗೆ ನಂಟು ಮುಗಿಯಬಹುದಿತ್ತು. ಮುಗಿಯಲಿಲ್ಲ. ಕಾಗದಗಳು ಓಡಾಡಿದವು. ಕಾಗದದ ಬೆನ್ನಿಗೆ ಮೇಷ್ಟ್ರೂ ಹೊರಟರು.

ಆ ಭೇಟಿಗಳಲ್ಲಿ ನನ್ನ ಮನಸ್ಸಿನಲ್ಲಿ ಉಳಿದಿರುವುದು ಶೆನ್‌ಜೆನ್ ನಗರದ್ದು. ಅಲ್ಲಿ ಒಬ್ಬ ಹಳೆಯ ವಿದ್ಯಾರ್ಥಿನಿ ಇದ್ದಳು. ಹೆಸ್ಲರ್ ತಮ್ಮ ಬರಹದಲ್ಲಿ ಅವಳನ್ನು ಎಮಿಲಿ ಎನ್ನುತ್ತಾರೆ. ಮೇಷ್ಟ್ರ ಕೆಲಸದ ಭದ್ರತೆ ಬೇಡವೆಂದು ಹೋಗಿ, ಕೃತಕ ಆಭರಣ ತಯಾರಿಸುವ ಕಾರ್ಖಾನೆಯಲ್ಲಿ ಕೆಲಸಕ್ಕೆ ಸೇರಿದ್ದಳು. ಆ ಕಾಲದಲ್ಲಿ ಶೆನ್‌ಜೆನ್ ವಿಶೇಷ ಆರ್ಥಿಕ ವಲಯದ ಸುತ್ತ ಬೇಲಿ ಇತ್ತು. ಕಡಿಮೆ ಕೂಲಿಯ ಕಾರ್ಖಾನೆಗಳು ಹೆಚ್ಚಾಗಿ ಬೇಲಿಯ ಆಚೆ ಬೆಳೆದಿದ್ದವು. ಊರು ಬಿಟ್ಟು ಬಂದ ಸಾವಿರಾರು ಹುಡುಗಿಯರು ಅಲ್ಲಿನ ಹಾಸ್ಟೆಲುಗಳಲ್ಲಿ ಒಂದೊಂದು ಕೋಣೆಯಲ್ಲಿ ಹಲವರು ಸೇರಿ ಇರುತ್ತಿದ್ದರು. ಮೇಷ್ಟ್ರು ಅಲ್ಲಿಗೆ ಹೋದರು. ಹೋಗಿ ಅವಳು ಹೇಳಿದ್ದನ್ನೆಲ್ಲ ಕೇಳಿಸಿಕೊಂಡರು: ಕೆಲಸದ ಮಾಲೀಕ, ಜೊತೆಯ ಹುಡುಗಿಯರು, ಮದುವೆಯ ಯೋಚನೆ, ಊರಿನಲ್ಲಿರುವ ತಂದೆತಾಯಿ. ಹಾಸ್ಟೆಲಿನ ಹುಡುಗಿಯರು ರಾತ್ರಿ ತಪ್ಪದೆ ಕೇಳುತ್ತಿದ್ದ ಒಂದು ರೇಡಿಯೊ ಕಾರ್ಯಕ್ರಮದ ವಿಷಯವೂ ಆ ಮಾತುಕತೆಯಲ್ಲಿ ಬಂತು. ಹೂ ಷಿಯಾವ್‌ಮೆಯ್ ಎಂಬ ಮಹಿಳೆ ನಡೆಸುತ್ತಿದ್ದ ಆ ಕಾರ್ಯಕ್ರಮಕ್ಕೆ ಹುಡುಗಿಯರು ಫೋನು ಮಾಡಿ ತಮ್ಮ ಕಷ್ಟಸುಖ ಹೇಳಿಕೊಳ್ಳುತ್ತಿದ್ದರು. ಸ್ವತಃ ಆ ನಿರೂಪಕಿಯೂ ಕೆಲಸ ಹುಡುಕಿಕೊಂಡು ಬೇರೆ ಊರಿನಿಂದ ಬಂದವರೇ. ಬಾನುಲಿಯಲ್ಲಿ ಮಾತಾಡುವ ನನಗೆ ಈ ಸಂಗತಿ ಓದಿದಾಗ ಮೈ ಜುಮ್ಮೆಂದಿತ್ತು.

ಲೆಕ್ಕಾಚಾರದ ಕಣ್ಣಿಗೆ ಎಮಿಲಿ ದಾರಿ ತಪ್ಪಿದ ವಿದ್ಯಾರ್ಥಿನಿ. ಓದಿದ್ದು ಶಿಕ್ಷಕಿಯಾಗಲು, ಸೇರಿದ್ದು ಕಾರ್ಖಾನೆ. ಮೇಷ್ಟ್ರನ್ನು ಹುಡುಕಿಕೊಂಡು ಹೋಗಿ ‘ಸರ್, ನೋಡಿ ನಾನು ಏನಾಗಿದ್ದೇನೆ’ ಎಂದು ತೋರಿಸುವ ಸ್ಥಿತಿಯಲ್ಲಿ ಅಂಥವರು ಇರುವುದಿಲ್ಲ. ಅದಕ್ಕೇ ಆ ಭೇಟಿ ದೊಡ್ಡದು ಎನ್ನುತ್ತೇನೆ.

ನಮ್ಮಲ್ಲಿ ಈಗ ಗುರುವಂದನೆ ಕಾರ್ಯಕ್ರಮಗಳು ಊರೂರಲ್ಲಿ ನಡೆಯುತ್ತಿವೆ. ಹಳೆಯ ವಿದ್ಯಾರ್ಥಿಗಳು ವಾಟ್ಸ್‌ಆ್ಯಪ್ ಗುಂಪು ಕಟ್ಟಿಕೊಂಡು, ನಿವೃತ್ತ ಮೇಷ್ಟ್ರುಗಳನ್ನು ಹುಡುಕಿ ಕರೆತಂದು, ಪೇಟ ತೊಡಿಸಿ, ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟು ಕಾಲಿಗೆರಗುತ್ತಾರೆ. ಬಹಳ ಒಳ್ಳೆಯ ಪದ್ಧತಿ, ಬೆಳೆಯಲಿ. ಆದರೆ ಅಲ್ಲಿಗೆ ಬಾರದವರು ಯಾರು? ಅದೇ ಊರಿನಲ್ಲಿ ಗ್ಯಾರೇಜಿನಲ್ಲಿ ಕೆಲಸ ಮಾಡುವವನು, ಗಂಡನನ್ನು ಕಳೆದುಕೊಂಡು ಗಾರ್ಮೆಂಟ್ಸಿಗೆ ಹೋಗುವವಳು, ಫೇಲಾಗಿ ಓದು ನಿಲ್ಲಿಸಿದವನು. ‘ಯಾವ ಮುಖ ಇಟ್ಟುಕೊಂಡು ಹೋಗಲಿ’ ಎಂದು ಅವರು ಆ ಬೀದಿಯನ್ನೇ ತಪ್ಪಿಸಿ ನಡೆಯುತ್ತಾರೆ. ವಿದ್ಯಾರ್ಥಿಯೇ ಗುರುವಿನ ಬಳಿಗೆ ಹೋಗಬೇಕು ಎಂಬುದು ನಮ್ಮ ಹಿರಿಯರ ನಡೆ. ಅದರಲ್ಲಿ ವಿನಯವಿದೆ, ನಿಜ. ಆದರೆ ಬಾಗಿಲವರೆಗೆ ಬರಲು ಧೈರ್ಯ ಸಾಲದವರ ಪಾಲಿಗೆ ಆ ವಿನಯವೇ ಅಡ್ಡಗೋಡೆ. ಗೋಡೆಯ ಆಚೆಯಿಂದ ಈಚೆಗೆ ದಾಟಿ ಬರಬಲ್ಲವರು ಮೇಷ್ಟ್ರು ಮಾತ್ರ.

ಹೋಗುವವರಿಗೂ ಇದು ಸಲೀಸಲ್ಲ. ದೂರದಿಂದ ಬಂದ ಗುರುವಿಗೆ ಶಿಷ್ಯ ತನ್ನ ಕೈಮೀರಿ ಉಪಚಾರ ಮಾಡುತ್ತಾನೆ. ಫುಲಿಂಗ್ ಕಡೆ ಊಟದ ಮೇಜು ತುಂಬಿದಷ್ಟೂ ಮರ್ಯಾದೆ, ಅತಿಥಿ ಹಣ ತೆತ್ತರೆ ಅವಮಾನ. ಅಂಥ ಊರಿನ ಅತಿಥಿಯಾದ ಮೇಷ್ಟ್ರಿಗೆ ಕೊಟ್ಟದ್ದನ್ನು ಸಂತೋಷದಿಂದ ತಿನ್ನುವುದೂ ಒಂದು ಕರ್ತವ್ಯ. ಬುದ್ಧಿಮಾತು ಹೇಳುವ ಚಪಲವನ್ನು ತಡೆದುಕೊಳ್ಳುವುದು ಇನ್ನೊಂದು, ಮತ್ತು ಹೆಚ್ಚು ಕಷ್ಟದ್ದು. ವರ್ಷಗಟ್ಟಲೆ ಕರಿಹಲಗೆಯ ಮುಂದೆ ನಿಂತವರಿಗೆ ಹಳೆಯ ಶಿಷ್ಯನ ಎದುರು ಸುಮ್ಮನೆ ಕೂತು ಕೇಳುವುದು ಹೊಸ ವಿದ್ಯೆ.

ಹೆಸ್ಲರ್ ಆ ವಿದ್ಯೆಯನ್ನು ಬಿಡದೆ ರೂಢಿಸಿಕೊಂಡರು. ತಮ್ಮ ಹಳೆಯ ವಿದ್ಯಾರ್ಥಿಗಳಿಗೆ ಪ್ರಶ್ನಾವಳಿ ಕಳಿಸಿ, ಸಂಬಳ, ಮನೆ, ಮಕ್ಕಳ ಓದು, ಭಯ, ಭರವಸೆ ಎಲ್ಲವನ್ನೂ ಕೇಳಿ ತಿಳಿದುಕೊಂಡರು. 2019ರಲ್ಲಿ ಮತ್ತೆ ಮೇಷ್ಟ್ರಾಗಿ ಚೀನಾಕ್ಕೆ ಬಂದರು, ಈ ಸಲ ಚೆಂಗ್ಡು ನಗರದ ಸಿಚುವಾನ್ ವಿಶ್ವವಿದ್ಯಾಲಯಕ್ಕೆ. ಜೊತೆಯಲ್ಲಿ ಹೆಂಡತಿ, ಅವಳಿ ಹೆಣ್ಣುಮಕ್ಕಳು. ಮಕ್ಕಳನ್ನು ಅಲ್ಲಿಯದೇ ಸರ್ಕಾರಿ ಶಾಲೆಗೆ ಸೇರಿಸಿದರು. ಬಂದದ್ದೇ ಹಳೆಯ ವಿದ್ಯಾರ್ಥಿಗಳ ಒಡನಾಟ ಮತ್ತೆ ಚಿಗುರಿತು. ಅಷ್ಟರಲ್ಲಿ ದಾರಿಯೂ ಬದಲಾಗಿತ್ತು. ಹಿಂದೆ ಹಡಗಿನಲ್ಲಿ ತೆವಳುತ್ತಾ ಬರುತ್ತಿದ್ದ ಚೋಂಗ್ಚಿಂಗ್–ಫುಲಿಂಗ್ ದಾರಿಯನ್ನು ವೇಗದ ರೈಲು ಒಂದು ಗಂಟೆಯೊಳಗೆ ಮುಟ್ಟಿಸುತ್ತದೆ. ಶನಿವಾರ ಹೊರಟರೆ ಭಾನುವಾರ ಹಿಂತಿರುಗಿ, ಸೋಮವಾರ ಬೆಳಿಗ್ಗೆ ಪಾಠಕ್ಕೆ ನಿಲ್ಲಬಹುದು. ಹಳೆಯ ಕಾಲೇಜು ಬೇರೆ ಜಾಗಕ್ಕೆ ಹೋಗಿ, ಬೆಳೆದು, ಈಗ ಯಾಂಗ್‌ತ್ಸೆ ನಾರ್ಮಲ್ ವಿಶ್ವವಿದ್ಯಾಲಯವಾಗಿದೆ. ಎಮಿಲಿ ಮುಂದೆ ಫುಲಿಂಗಿಗೆ ಮರಳಿ ಪ್ರಾಥಮಿಕ ಶಾಲೆಯ ಶಿಕ್ಷಕಿಯಾದಳು. ಅವಳು ಕಾರ್ಖಾನೆಯಲ್ಲೇ ಉಳಿದಿದ್ದರೂ ಆ ಮೇಷ್ಟ್ರು ಅವಳನ್ನು ನೋಡಲು ಹೋಗುತ್ತಿದ್ದರು ಎಂಬುದು ನನಗೆ ಮುಖ್ಯ.

1993ರಿಂದ ಚೀನಾಕ್ಕೆ ಬರುತ್ತಿದ್ದ ಪೀಸ್ ಕೋರ್ ಸ್ವಯಂಸೇವಕರ ಯೋಜನೆ 2020ರಲ್ಲಿ ನಿಂತುಹೋಯಿತು. ಹೆಸ್ಲರ್ ಅವರ ಗುತ್ತಿಗೆಯೂ ಮುಂದುವರಿಯದೆ 2021ರಲ್ಲಿ ಅವರು ಕುಟುಂಬ ಸಮೇತ ದೇಶ ಬಿಡಬೇಕಾಯಿತು. ಎರಡು ದೊಡ್ಡ ದೇಶಗಳು ಮುನಿಸಿಕೊಂಡಾಗ ಮೊದಲು ಮುಚ್ಚುವುದು ಇಂಥ ಸಣ್ಣ ಬಾಗಿಲುಗಳು. ನನಗೆ ಇದು ನಿಜಕ್ಕೂ ನೋವಿನ ಸಂಗತಿ.

ನಮ್ಮ ಮೇಷ್ಟ್ರುಗಳಿಗೆ ವೀಸಾ ಬೇಕಿಲ್ಲ, ಹಡಗು ಬೇಕಿಲ್ಲ. ಬೆಳಿಗ್ಗೆಯ ಕೆಂಪು ಬಸ್ಸು ಸಾಕು. ಈಗ ಕೇಳುತ್ತಿರುವವರಲ್ಲಿ ಪಾಠ ಹೇಳಿ ನಿವೃತ್ತರಾದವರು ಇದ್ದರೆ, ಇನ್ನೂ ಹೇಳುತ್ತಿರುವವರು ಇದ್ದರೆ, ಬರುವ ಶನಿವಾರ ನಿಮ್ಮ ಬಾಗಿಲಿಗೆ ಬರಲು ಹಿಂಜರಿಯುವ ಒಬ್ಬ ಹಳೆಯ ಶಿಷ್ಯರನ್ನು ನೋಡಿ ಬನ್ನಿ. ಮುಂಚೆಯೇ ಒಂದು ಫೋನು ಮಾಡಿ, ಅವರಿಗೆ ಗಾಬರಿಯಾಗದ ಹಾಗೆ. ಅಂಕಪಟ್ಟಿಯ ಮಾತು ಎತ್ತಬೇಡಿ, ಕೆಲಸದ ಜಾಗ ತೋರಿಸು ಎನ್ನಿ. ವಿಳಾಸ ಸಿಗದಿದ್ದರೆ ಆಗ ಅದೇ ಬೆಂಚಿನಲ್ಲಿ ಕೂರುತ್ತಿದ್ದವರನ್ನು ಕೇಳಿ, ಅವರಿಗೆ ಗೊತ್ತಿರುತ್ತದೆ.