ಮಾವನ ರಿಯಾಲ್, ಅವ್ವನ ಪಾಟ್ಲಿ ಮತ್ತು ನನ್ನ ಆ್ಯಪ್ ಖಾತೆ

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆಯಿಂದ ಬಸ್ಸಿನ್ಯಾಗ ಕೂತು, ಲಿಂಬಿ ತ್ವಾಟದಾಗ ಕೂತು, ಕೋಚಿಂಗ್ ಕ್ಲಾಸಿನ ಹೊರಗ ನಿಂತು ಇಯರ್‌ಫೋನ್ ಹಾಕ್ಕೊಂಡು ಕೇಳ್ತಿರೋ ಗೆಳೆಯ ಗೆಳತಿಯರಿಗೆ ಸ್ವಾಗತ. ಇವತ್ತಿನ ಮಾತು ರೊಕ್ಕದ್ದು. ಅದರಾಗೂ ಪರದೇಶದಿಂದ ಬರೋ ರೊಕ್ಕದ್ದು. ಫೋನಿನ್ಯಾಗ ಐದು ನಿಮಿಷದಾಗ ತೆಗೆದ ಡಿಜಿಟಲ್ ಖಾತೆಗೆ ಡಾಲರ್, ರಿಯಾಲ್, ದಿರ್ಹಂ ಬರ್ತದೋ ಇಲ್ಲೋ ಅಂತ ಭಾಳ ಜನ ಕೇಳೀರಿ. ಉತ್ತರ ಹೇಳೋಕಿಂತ ಮೊದಲು ನಾ ಮಾಡಿದ ತಪ್ಪು ಹೇಳ್ತೀನಿ. ನಾ ಬಿ.ಕಾಂ ಓದಿದವ. ಆದ್ರೂ ಮಾಡಿದೆ.

ಎರಡು ವರ್ಷದ ಹಿಂದಿನ ಮಾತು. ನಮ್ಮ ಅಕ್ಕ ಹೆರಿಗೆಗೆ ತವರಿಗೆ ಬಂದಿದ್ದಳು. ನಮ್ಮ ಊರು ಇಂಡಿ ತಾಲೂಕಿನ್ಯಾಗ. ಮಾವ ಇರೋದು ಸೌದಿಯ ದಮಾಮಿನಲ್ಲಿ, ಟ್ರಕ್ ಡ್ರೈವರ್. ವಿಜಯಪುರದ ಡಾಕ್ಟರು "ಸಿಜೇರಿಯನ್ ಆಗಬಹುದು, ರೊಕ್ಕ ರೆಡಿ ಇಟ್ಕೊಳ್ಳಿ" ಅಂದ್ರು. ಮಾವ ಪ್ರತಿಸಲ ಅಕ್ಕನ ಹಳೇ ಬ್ಯಾಂಕ್ ಖಾತೆಗೆ ಕಳಸ್ತಿದ್ದ. ಆ ಸಲ ನಾನೇ ಶಾಣ್ಯಾತನ ಮಾಡಿ ಹೇಳಿದೆ: "ಮಾವ, ಅಕ್ಕನ ಖಾತೆ ಯಾಕೆ, ಬ್ಯಾಂಕಿಗೆ ಹೋಗಿ ಪಾಳಿ ಹಚ್ಚೋದು ಯಾಕೆ, ನನ್ನ ಆ್ಯಪ್ ಖಾತೆಗೆ ಹಾಕು, ಒಂದು ನಿಮಿಷದಾಗ ಬರ್ತದ."

ಮಾವ ಗುರುವಾರ ಸಂಜೆ 5,500 ರಿಯಾಲ್ ಹಾಕಿದ. ನಮ್ಮ ರೂಪಾಯಿ ಲೆಕ್ಕಕ್ಕೆ ಒಂದು ಲಕ್ಷ ಇಪ್ಪತ್ತು ಸಾವಿರದ ಮೇಲೆ. ಶುಕ್ರವಾರ ಅಲ್ಲಿ ರಜೆ. ಮರುದಿನ ನಮ್ಮಲ್ಲಿ ಎರಡನೇ ಶನಿವಾರ. ಆಮೇಲೆ ಭಾನುವಾರ. ಅಕ್ಕನಿಗೆ ನೋವು ಬಂದದ್ದು ಶನಿವಾರ ಬೆಳಿಗ್ಗೆ. ನನ್ನ ಫೋನಿನ್ಯಾಗ ಮೆಸೇಜ್ ಇಲ್ಲ. ಅವ್ವ ಒಂದು ಮಾತೂ ಆಡಲಿಲ್ಲ, ಕೈಯಾಗಿನ ಪಾಟ್ಲಿ ಬಿಚ್ಚಿ ನನ್ನ ಕೈಗೆ ಕೊಟ್ಟಳು. ಇಂಡಿಯಲ್ಲಿ ಅಡ ಇಟ್ಟು ಅರವತ್ತು ಸಾವಿರ ತಂದು ದವಾಖಾನಿಗೆ ಕಟ್ಟಿದೆ. ಕೂಸು, ಬಾಣಂತಿ ಇಬ್ಬರೂ ಅರಾಮ ಮನೆಗೆ ಬಂದ್ರು. ರೊಕ್ಕ ಮಾತ್ರ ಬರಲೇ ಇಲ್ಲ. ಹತ್ತನೇ ದಿನ ಅದು ದಮಾಮಿನಲ್ಲಿ ಮಾವನ ಕೈಗೇ ವಾಪಸ್ ಹೋಯ್ತು.

ಯಾಕೆ? ಕಸ್ಟಮರ್ ಕೇರ್‌ನವರು ನಾಲ್ಕು ದಿನ "ನಮ್ಮ ಕಡೆ ಏನೂ ಕಾಣಸ್ತಿಲ್ಲ ಸರ್" ಅಂದ್ರು. ಐದನೇ ದಿನ ಒಬ್ಬಾಕೆ ನಿಜ ಹೇಳಿದಳು. ನನ್ನ ಖಾತೆ ತೆರೆದದ್ದು ಬರೀ ಆಧಾರ್ ಒಟಿಪಿ ಮೇಲೆ. ರಿಸರ್ವ್ ಬ್ಯಾಂಕ್ ನಿಯಮದ ಪ್ರಕಾರ ಯಾರೂ ಮುಖ ನೋಡದೆ, ಒಟಿಪಿ ಮೇಲೆ ತೆರೆದ ಖಾತೆಯಲ್ಲಿ ಯಾವ ಹೊತ್ತಿಗೂ 1 ಲಕ್ಷಕ್ಕಿಂತ ಹೆಚ್ಚು ಬ್ಯಾಲೆನ್ಸ್ ಇರೋ ಹಂಗಿಲ್ಲ. ಒಂದು ಆರ್ಥಿಕ ವರ್ಷದಲ್ಲಿ ಒಟ್ಟು ಜಮಾ 2 ಲಕ್ಷ ದಾಟೋ ಹಂಗಿಲ್ಲ. ಒಂದು ವರ್ಷದೊಳಗೆ ಪೂರ್ತಿ ಕೆವೈಸಿ ಮಾಡಿಸದಿದ್ರೆ ಖಾತೆಯೇ ಬಂದ್. 1 ಲಕ್ಷ 20 ಸಾವಿರ ಬಾಗಿಲಿಗೆ ಬಂತು, ಬಾಗಿಲು ಸಣ್ಣದಿತ್ತು, ಹೊಳ್ಳಿ ಹೋಯ್ತು. ಖಾತೆ ತೆರೆಯುವಾಗ ಇದೆಲ್ಲ ಬರೆದಿತ್ತು. ನಾ ಓದದೆ "ಒಪ್ಪಿದೆ" ಅಂತ ಒತ್ತಿದ್ದೆ.

ಹಿಂಗಾಗಿ ಮೊದಲನೇ ಪಾಠ: ಆ್ಯಪ್ ತೆರೆದು ನಿಮ್ಮ ಖಾತೆ ಪೂರ್ತಿ ಕೆವೈಸಿ ಹೌದೋ ಅಲ್ಲೋ ನೋಡ್ರಿ. 2020ರ ಜನವರಿಯಿಂದ ವಿಡಿಯೋ ಕಾಲ್ ಮೇಲೆ ಕೆವೈಸಿ ಮಾಡಲು ರಿಸರ್ವ್ ಬ್ಯಾಂಕ್ ಅವಕಾಶ ಕೊಟ್ಟಿದೆ. ಒರಿಜಿನಲ್ ಪ್ಯಾನ್ ಕಾರ್ಡ್ ಕೈಯಲ್ಲಿ ಹಿಡಿದು, ಬೆಳಕು, ನೆಟ್‌ವರ್ಕ್ ಇರೋ ಕಡೆ ಕೂಡ್ರಿ, ಕೆಲವೇ ನಿಮಿಷದ ಕೆಲಸ. ಹಂಗೇ ದಾಖಲೆ ಇಲ್ಲದೆ ತೆರೆದ "ಸ್ಮಾಲ್ ಅಕೌಂಟ್" ನಿಮ್ಮದಾಗಿದ್ರೆ, ಗುರುತು ಪೂರ್ತಿ ಸಾಬೀತಾಗೋವರೆಗೆ ವಿದೇಶಿ ಹಣ ಜಮಾ ಮಾಡುವಂತಿಲ್ಲ. ಪೇಮೆಂಟ್ಸ್ ಬ್ಯಾಂಕ್ ಖಾತೆಯಾದ್ರೆ ದಿನದ ಕೊನೆಗೆ 2 ಲಕ್ಷದ ಮಿತಿ ಇದೆ.

ಇನ್ನೊಂದು ಗೊಂದಲ ಬಿಡಿಸ್ತೀನಿ. ನಾವು "ಡಿಜಿಟಲ್ ಬ್ಯಾಂಕ್" ಅನ್ನೋ ಎಷ್ಟೋ ಆ್ಯಪ್‌ಗಳು ಬ್ಯಾಂಕೇ ಅಲ್ಲ. ಹಿಂದೆ ಲೈಸೆನ್ಸ್ ಇರೋ ಒಂದು ಬ್ಯಾಂಕ್ ಇರ್ತದೆ, ರೊಕ್ಕ ಕೂಡೋದು ಅಲ್ಲಿ. ಐಎಫ್‌ಎಸ್‌ಸಿ ಕೋಡಿನ ಮೊದಲ ನಾಲ್ಕು ಅಕ್ಷರ ನೋಡಿದ್ರೆ ಯಾವ ಬ್ಯಾಂಕ್ ಅಂತ ಗೊತ್ತಾಗ್ತದೆ. ಫಾರಿನ್ ರೊಕ್ಕ ಬರ್ತದೋ ಇಲ್ಲೋ ಅಂತ ಆ ಬ್ಯಾಂಕನ್ನ ಕೇಳ್ರಿ, ಆ್ಯಪಿನ ಜಾಹೀರಾತನ್ನ ಅಲ್ಲ.

ಈಗ ನಿಮ್ಮ ಪ್ರಶ್ನೆಗಳು.

ಮುದ್ದೇಬಿಹಾಳದಿಂದ ಒಬ್ಬ ತಾಯಿಯ ಪರವಾಗಿ ಮಗಳು ಕೇಳಿದ್ದಾಳೆ: ಅಣ್ಣ ರಿಯಾದ್‌ನಿಂದ ಕಳಸೋ ರೊಕ್ಕ ಒಮ್ಮೆ ಹತ್ತು ನಿಮಿಷದಾಗ ಬರ್ತದ, ಒಮ್ಮೆ ಮೂರು ದಿನ, ಯಾಕೆ? ತಂಗಿ, ದಾರಿ ಬ್ಯಾರೆ ಬ್ಯಾರೆ ಇವೆ. ಗಲ್ಫಿನ ಎಕ್ಸ್‌ಚೇಂಜ್ ಹೌಸುಗಳು ನಮ್ಮ ದೇಶದ ಒಂದು ಬ್ಯಾಂಕಿನಲ್ಲಿ ರೂಪಾಯಿ ಖಾತೆ ಇಟ್ಟಿರ್ತಾವೆ. ಅಣ್ಣ ಅಲ್ಲಿ ರಿಯಾಲ್ ಕಟ್ಟಿದ ಕೂಡಲೇ ಇಲ್ಲಿನ ಬ್ಯಾಂಕ್ ತನ್ನಲ್ಲಿರೋ ರೂಪಾಯಿ ಎತ್ತಿ ಐಎಂಪಿಎಸ್ ಇಲ್ಲಾ ನೆಫ್ಟ್ ಮೂಲಕ ನಿಮ್ಮ ಖಾತೆಗೆ ಹಾಕ್ತದೆ. ಇದಕ್ಕೆ ರುಪೀ ಡ್ರಾಯಿಂಗ್ ಅರೇಂಜ್‌ಮೆಂಟ್ ಅಂತಾರೆ. ಎರಡನೇ ದಾರಿ ವೆಸ್ಟರ್ನ್ ಯೂನಿಯನ್, ಮನಿಗ್ರಾಂ ತರಹದ್ದು. ಇದು ವೈಯಕ್ತಿಕ ಹಣಕ್ಕೆ ಮಾತ್ರ. ಒಂದು ಸಲಕ್ಕೆ 2,500 ಡಾಲರ್, ಒಬ್ಬರಿಗೆ ವರ್ಷಕ್ಕೆ 30 ಸಲ. ನಗದಾಗಿ 50 ಸಾವಿರದವರೆಗೆ ಕೊಡಬಹುದು, ಅದರ ಮೇಲಿದ್ರೆ ಖಾತೆಗೇ ಹೋಗಬೇಕು.

ಮೂರನೇ ದಾರಿ ಸ್ವಿಫ್ಟ್. 1973ರಲ್ಲಿ ಶುರುವಾದ ಸಂಸ್ಥೆ, ಕೇಂದ್ರ ಕಚೇರಿ ಬೆಲ್ಜಿಯಂನಲ್ಲಿ. ಸ್ವಿಫ್ಟ್ ರೊಕ್ಕ ಹೊರೋದಿಲ್ಲ, ಬರೀ ಸುದ್ದಿ ಒಯ್ತದೆ. "ಇಂಥವರಿಗೆ ಇಷ್ಟು ಕೊಡು" ಅಂತ ಬ್ಯಾಂಕಿನಿಂದ ಬ್ಯಾಂಕಿಗೆ ಚೀಟಿ ಹೋಗ್ತದೆ. ನಡುವೆ ಒಂದೋ ಎರಡೋ ಮಧ್ಯವರ್ತಿ ಬ್ಯಾಂಕ್ ಇದ್ರೆ ತಮ್ಮ ಪಾಲು ಕಡಿದೇ ಮುಂದೆ ಕಳಸ್ತಾವೆ. ಅಲ್ಲಿ ಶುಕ್ರವಾರ, ಇಲ್ಲಿ ಭಾನುವಾರ ರಜೆ ಬಂದ್ರೆ ದಿನಗಳು ಹಂಗೇ ಸರೀತಾವೆ. ತುರ್ತು ಇದ್ರೆ ವಾರದ ಮೊದಲೇ ಹಾಕಲು ಹೇಳ್ರಿ.

ಹಂಗೇ "ಯುಪಿಐ ಮೇಲೆ ಹಾಕಲಿಕ್ಕೆ ಬರಲ್ಲೇನು" ಅಂತ ಭಾಳ ಮಂದಿ ಕೇಳ್ತಾರೆ. 2023ರ ಫೆಬ್ರುವರಿ 21ರಂದು ಸಿಂಗಾಪುರದ ಪೇನೌ ಜೊತೆ ನಮ್ಮ ಯುಪಿಐ ಜೋಡಣೆ ಆಯ್ತು. ಅದನ್ನ ನೋಡಿ ಸೌದಿಯಿಂದಲೂ ಹಂಗೇ ಬರ್ತದ ಅಂತ ತಿಳೀಬೇಡ್ರಿ.

ಸಿಂದಗಿಯಿಂದ ಒಬ್ಬ ಗೆಳೆಯ, ಮನೆಯಿಂದಲೇ ಅಮೆರಿಕದ ಕಂಪನಿಗೆ ವೆಬ್‌ಸೈಟ್ ಮಾಡಿ ಕೊಡ್ತಾನೆ. ಅವನ ದೂರು: 500 ಡಾಲರ್ ಬರಬೇಕಿತ್ತು, ಗೂಗಲ್ ತೋರಿಸಿದಷ್ಟು ಬರಲಿಲ್ಲ. ಬಾ, ಲೆಕ್ಕ ಹಾಕೋಣ. ಸಂಖ್ಯೆ ಬರೀ ಉದಾಹರಣೆಗೆ. ಗೂಗಲ್‌ನಲ್ಲಿ ಡಾಲರಿಗೆ 84 ರೂಪಾಯಿ ಅಂದ್ಕೋ, 42,000 ಅಂತ ನೀ ಕನಸು ಕಂಡೆ. ದಾರಿಯಲ್ಲಿ ಮಧ್ಯವರ್ತಿ ಬ್ಯಾಂಕ್ 15 ಡಾಲರ್ ಕಡಿದ್ರೆ ಉಳಿದದ್ದು 485. ನಿನ್ನ ಬ್ಯಾಂಕ್ ಕೊಡೋ ದರ 84 ಅಲ್ಲ, 82.50 ಅಂತ ಹಿಡಿ. ಆಯ್ತು 40,012. ಕರೆನ್ಸಿ ಬದಲಿಸಿದ್ದಕ್ಕೆ ಜಿಎಸ್‌ಟಿ ಬೇರೆ. ಒಂದು ಲಕ್ಷದವರೆಗೆ ಮೊತ್ತದ ಶೇಕಡಾ 1ನ್ನು, ಕನಿಷ್ಠ 250 ರೂಪಾಯಿಯನ್ನು, ಸೇವೆಯ ಬೆಲೆ ಅಂತ ಹಿಡಿದು ಅದರ ಮೇಲೆ ಶೇಕಡಾ 18. ಇಲ್ಲಿ 72 ರೂಪಾಯಿ. ಕೈಗೆ 39,940. ಬ್ಯಾಂಕಿನ ಸ್ವಂತ ಶುಲ್ಕ ಇದ್ರೆ ಇನ್ನೂ ಕಡಿಮೆ. ಎರಡು ಸಾವಿರ ಎಲ್ಲಿ ಹೋಯ್ತು ಅಂತ ತಿಳೀತಲ್ಲ? ದೊಡ್ಡ ತುಂಡು ಹೋಗೋದು ಜಿಎಸ್‌ಟಿಯಲ್ಲಿ ಅಲ್ಲ, ಮಧ್ಯವರ್ತಿ ಕಡಿತ ಮತ್ತು ದರದ ವ್ಯತ್ಯಾಸದಲ್ಲಿ. ಅದಕ್ಕೇ "ಝೀರೋ ಫೀ" ಅಂದ ಕೂಡಲೇ ಹಿಗ್ಗಬೇಡ್ರಿ, ದರ ಎಷ್ಟು ಅಂತ ಕೇಳ್ರಿ. ಕಳಸೋರಿಗೆ ಚಾರ್ಜ್ ಪೂರ್ತಿ ತಾವೇ ಕೊಡೋ "ಅವರ್" ಆಯ್ಕೆ ಹಾಕಿ ಅಂತ ಹೇಳಬಹುದು. "ಶಾ" ಅಂದ್ರೆ ಹಂಚಿಕೆ, "ಬೆನ್" ಅಂದ್ರೆ ಎಲ್ಲಾ ಹೊರೆ ನಿಮ್ಮ ಮೇಲೆ.

ಈ ಗೆಳೆಯ ಇನ್ನೊಂದು ಮಾತು ಹೇಳಿದ. ಬ್ಯಾಂಕಿನವರು ಯಾವ ಕಾರಣಕ್ಕೆ ಹಣ ಅಂತ ಕೇಳಿದಾಗ ತೊಂದರೆ ಬ್ಯಾಡ ಅಂತ "ಮನೆ ಖರ್ಚಿಗೆ" ಅಂತ ಬರೆದನಂತೆ. ಬ್ಯಾಡ ತಮ್ಮಾ. ಪ್ರತಿ ವಿದೇಶಿ ಜಮಾಕ್ಕೂ ರಿಸರ್ವ್ ಬ್ಯಾಂಕಿನ ಪರ್ಪಸ್ ಕೋಡ್ ಇರ್ತದೆ. ಪರದೇಶದಲ್ಲಿರೋ ನಮ್ಮವರು ಮನೆತನ ನಡೆಸಲು ಕಳಸೋದಕ್ಕೆ ಪಿ1301. ಸಾಫ್ಟ್‌ವೇರ್ ಸಲಹೆ ಕೆಲಸಕ್ಕೆ ಪಿ0802. ದುಡಿದ ರೊಕ್ಕವನ್ನ ದುಡಿದದ್ದು ಅಂತಲೇ ಬರೆಸು. ಇನ್‌ವಾಯ್ಸ್ ಇಟ್ಟುಕೋ. ಬ್ಯಾಂಕಿನಿಂದ ಫಿರಾ, ಅಂದ್ರೆ ವಿದೇಶಿ ಹಣ ಬಂದ ಸೂಚನಾಪತ್ರ, ಪ್ರತಿಸಲ ಕೇಳಿ ತಗೋ. ನಾಳೆ ಸಾಲಕ್ಕೆ ಹೋದಾಗ, ರಿಟರ್ನ್ ತುಂಬುವಾಗ ಅದೇ ನಿನ್ನ ಸಾಕ್ಷಿ.

ಬಸವನ ಬಾಗೇವಾಡಿಯಿಂದ ಯೂಟ್ಯೂಬ್ ಚಾನೆಲ್ ನಡೆಸೋ ಹುಡುಗಿ. ಕಾಯಕದ ಮಾತು ಹುಟ್ಟಿದ ನೆಲದಾಕೆ, ಕಾಯಕಕ್ಕೆ ತಕ್ಕ ಡಾಲರ್ ಯಾವಾಗ ಅಂತ ಕೇಳ್ತಾಳೆ. 10 ಡಾಲರ್ ಆದಾಗ ಗೂಗಲ್ ನಿನ್ನ ವಿಳಾಸಕ್ಕೆ ಅಂಚೆಯಲ್ಲಿ ಪಿನ್ ಕಳಸ್ತದೆ. ಹಳ್ಳಿ ವಿಳಾಸದಲ್ಲಿ ಓಣಿ, ಪಿನ್‌ಕೋಡ್ ಸರಿಯಾಗಿ ಬರಿ, ಪೋಸ್ಟ್‌ಮನ್ ಅಣ್ಣಗೆ ಮೊದಲೇ ಹೇಳಿಡು. 100 ಡಾಲರ್ ಆದ ಮೇಲೆ ತಿಂಗಳ 21ರಿಂದ 26ರೊಳಗೆ ಹಣ ಹೊರಡ್ತದೆ. ಅಮೆರಿಕದ ತೆರಿಗೆ ಫಾರ್ಮ್ ತುಂಬೋದು ಮರೀಬೇಡ. ತುಂಬಿದ್ರೆ ಅಮೆರಿಕದ ವೀಕ್ಷಕರಿಂದ ಬಂದ ಪಾಲಿನ ಮೇಲೆ ಮಾತ್ರ ಶೇಕಡಾ 15 ಕಡಿತ, ತುಂಬದಿದ್ರೆ ಇಡೀ ಗಳಿಕೆಯ ಮೇಲೆ ಶೇಕಡಾ 24ರವರೆಗೆ ಹಿಡೀಬಹುದು.

ನಿನ್ನ ಬ್ರಾಂಚಿಗೆ ಸ್ವಿಫ್ಟ್ ಕೋಡ್ ಇಲ್ಲ ಅಂದ್ರೆ ಹೆದರಬ್ಯಾಡ. ತಾಲೂಕಿನ ಎಷ್ಟೋ ಶಾಖೆಗಳಿಗೆ ಇರೋದಿಲ್ಲ. ಅದೇ ಬ್ಯಾಂಕಿನ ವಿದೇಶಿ ವಿನಿಮಯ ಶಾಖೆಯ ಕೋಡ್ ಬಳಸ್ತಾರೆ. ಅದನ್ನ ಬ್ಯಾಂಕಿನಿಂದಲೇ ಬರೆಸಿಕೊ, ಇಂಟರ್ನೆಟ್‌ನಲ್ಲಿ ಸಿಕ್ಕದ್ದು ಹಾಕಬ್ಯಾಡ. 8 ಇಲ್ಲಾ 11 ಅಕ್ಷರ ಇರ್ತದೆ. ಹೆಸರಿನ ಸ್ಪೆಲ್ಲಿಂಗ್ ಕೂಡ ನೋಡು. ನಮ್ಮ ಕಡೆ ಸಂಗಪ್ಪ ಅನ್ನೋನ ಹೆಸರು ಆಧಾರ್‌ನಲ್ಲಿ ಎರಡು "ಪಿ", ಪ್ಯಾನ್‌ನಲ್ಲಿ ಒಂದು "ಪಿ", ಬ್ಯಾಂಕಿನಲ್ಲಿ ಅಪ್ಪನ ಹೆಸರು ಮುಂದೆ. ನಮಗದು ನಗು, ದೂರದ ಬ್ಯಾಂಕಿನ ಕಂಪ್ಯೂಟರಿಗೆ ಅವರು ಮೂರು ಮಂದಿ.

ಕೊನೆಗೆ ಒಂದು ಎಚ್ಚರಿಕೆ. ಹೋದ ತಿಂಗಳು ಟೆಲಿಗ್ರಾಂನಲ್ಲಿ ನನಗೇ ಮೆಸೇಜ್ ಬಂತು: "ನಿನ್ನ ಖಾತೆಗೆ ಫಾರಿನ್ ರೊಕ್ಕ ಹಾಕ್ತೀವಿ, ಶೇಕಡಾ 10 ನೀ ಇಟ್ಕೋ, ಉಳಿದದ್ದು ಹೇಳಿದವರಿಗೆ ಕಳಸು." ಇದು ಮೋಸದ ರೊಕ್ಕ ತೊಳೆಯೋ ದಂಧೆ. ಖಾತೆ ಫ್ರೀಜ್ ಆಗೋದು ನಿಮ್ಮದು, ಪೊಲೀಸರು ಬರೋದು ನಿಮ್ಮ ಮನೆಗೆ. ಹಂಗೇ "ನಿಮಗೆ ಪೌಂಡ್ ಬಂದಾವ, ರಿಸರ್ವ್ ಬ್ಯಾಂಕಿಗೆ ಚಾರ್ಜ್ ಕಟ್ರಿ" ಅಂದ್ರೆ ನಂಬಬ್ಯಾಡ್ರಿ. ರಿಸರ್ವ್ ಬ್ಯಾಂಕ್ ಜನಸಾಮಾನ್ಯರ ಖಾತೆ ಇಡೋದಿಲ್ಲ. ಸಿಕ್ಕಿಬಿದ್ದಿದ್ರೆ ಕೂಡಲೇ 1930ಕ್ಕೆ ಫೋನ್ ಮಾಡ್ರಿ. ಇನ್ನು ಬ್ಯಾಂಕೇ ಸತಾಯಿಸಿದ್ರೆ ಮೊದಲು ಬ್ಯಾಂಕಿಗೆ ಬರಹದಲ್ಲಿ ದೂರು ಕೊಡ್ರಿ. 30 ದಿನದಲ್ಲಿ ಉತ್ತರ ಬರದಿದ್ರೆ ರಿಸರ್ವ್ ಬ್ಯಾಂಕ್ ಓಂಬುಡ್ಸ್‌ಮನ್ ಇದ್ದಾರೆ. ಪುಕ್ಕಟೆ. ಮಾಹಿತಿಗೆ 14448.

ವಿಶ್ವಬ್ಯಾಂಕ್ ಲೆಕ್ಕದಲ್ಲಿ 2024ರಲ್ಲಿ ಭಾರತಕ್ಕೆ ಪರದೇಶದಲ್ಲಿರೋ ನಮ್ಮವರಿಂದ ಬಂದದ್ದು ಸುಮಾರು 129 ಬಿಲಿಯನ್ ಡಾಲರ್, ಜಗತ್ತಿನಲ್ಲೇ ಹೆಚ್ಚು. ಆ ಸಂಖ್ಯೆ ಕೇಳಿದಾಗೆಲ್ಲ ನನಗೆ ನೆನಪಾಗೋದು ಮಾವನ 5,500 ರಿಯಾಲ್. ಸೌದಿಯ ಬಿಸಿಲಿನಾಗ ಟ್ರಕ್ ಓಡಿಸಿ ಉಳಿಸಿದ್ದು. ವಾಪಸ್ ಹೋದ ರೊಕ್ಕವನ್ನ ಅವನು ಮತ್ತೆ ಅಕ್ಕನ ಹಳೇ ಖಾತೆಗೇ ಹಾಕಿದ, ಮರುದಿನವೇ ಬಂತು. ಫೀ ಎರಡು ಸಲ ಕೊಟ್ಟ, ನನಗೆ ಒಂದು ಮಾತೂ ಅನ್ನಲಿಲ್ಲ. ಆ ರೊಕ್ಕ ದವಾಖಾನಿ ಬಾಕಿಗೆ, ಬಾಣಂತನಕ್ಕೆ ಹೋಯ್ತು. ಪಾಟ್ಲಿ ಬಿಡಿಸಲು ನನಗೆ ನಾಲ್ಕು ತಿಂಗಳು ಹಿಡೀತು, ಬಡ್ಡಿ ನನ್ನ ದುಡಿಮೆಯಿಂದಲೇ ಕಟ್ಟಿದೆ. ಪಾಟ್ಲಿ ಕೈಗೆ ಹಾಕ್ಕೊಂಡು ಅವ್ವ ಅಂದದ್ದು ಇಷ್ಟೇ: "ಫೋನ್ ಶಾಣ್ಯಾ ಅದಪಾ, ನೀ ಸ್ವಲ್ಪ ಓದಿ ಒತ್ತು."

ಅಷ್ಟೇ ನೋಡ್ರಿ. ಈ ಎಪಿಸೋಡ್ ಮುಗಿದ ಕೂಡಲೇ ಆ್ಯಪ್ ತೆರೆದು ಕೆವೈಸಿ ನೋಡ್ರಿ. ದೂರದಿಂದ ರೊಕ್ಕ ಕಳಸೋ ಅಣ್ಣ, ಮಾವ, ಗೆಳೆಯ ಯಾರಿದ್ರೂ ಇದನ್ನ ಅವರಿಗೆ ಕಳಸ್ರಿ. ಪ್ರಶ್ನೆ ಇದ್ರೆ ವಾಯ್ಸ್ ನೋಟ್ ಹಾಕ್ರಿ, ಮುಂದಿನ ವಾರ ಸಿಗೋಣ. ಶರಣು.