ಪೂಜಾವನವೂ ನೆಲದ ಪರಿಚಯವೂ



ಲಿಂಗಪೂಜೆಗೆ ಪತ್ರಪುಷ್ಪಗಳು ಬೇಕೆಂಬುದು ಸರ್ವರಿಗೂ ವಿದಿತವಾದುದೇ ಸರಿ. ಆದರೆ ಅವು ಯಾವ ನೆಲದಲ್ಲಿ, ಯಾರ ಆರೈಕೆಯಿಂದ ಬೆಳೆದುವೆಂದು ವಿಚಾರಿಸುವವರು ವಿರಳರು. ಪೇಟೆಯಲ್ಲಿ ಹೂ ದೊರೆಯುವುದು, ನೆಲದ ಪರಿಚಯ ದೊರೆಯದು.

ಬಯಲುಸೀಮೆಯ ಸಸ್ಯಗಳು ತಮ್ಮ ಕಾಲವನ್ನು ತಾವೇ ಬಲ್ಲವು. ಮುತ್ತುಗವು ಎಲೆಯುದುರಿಸಿ ಶಿಶಿರಾಂತ್ಯದಲ್ಲಿ ಕೆಂಡದಂತೆ ಹೂವಾಗುವುದು. ಬಿಲ್ವವು ಬೇಸಗೆಯಲ್ಲಿ ಕೆಲಕಾಲ ಬರಿದಾಗಿ ಮತ್ತೆ ಚಿಗುರುವುದು. ತುಂಬೆಯು ಮಳೆ ಬಿದ್ದೊಡನೆ ತಾನಾಗಿಯೇ ಮೊಳೆತು ಜೇನುಹುಳುಗಳಿಗೆ ಮಧುವನ್ನೀಯುವುದು. ದನಗಳು ಮುಟ್ಟದ ಎಕ್ಕದ ಎಲೆಯೇ ಕೆಲವು ಚಿಟ್ಟೆಗಳ ಮರಿಗಳಿಗೆ ಆಹಾರವು. ಬೇರೂರುವವರೆಗೆ ಒಂದೆರಡು ಬೇಸಗೆ ನೀರೆರೆದರೆ, ಬಿಲ್ವ ಮುತ್ತುಗಗಳು ಮುಂದೆ ಮಳೆಯನ್ನೇ ನೆಚ್ಚಿ ನಿಲ್ಲುವುವು.

ಈಗಲಾದರೋ ಇವುಗಳ ಎಡೆಯನ್ನು ಪರದೇಶದ ಕಳೆಗಳು ಆಕ್ರಮಿಸಿರುವುವು. ಅಮೆರಿಕಾ ಖಂಡದ ಲಂಟಾನವನ್ನು 19ನೆಯ ಶತಮಾನದಲ್ಲಿ ಅಲಂಕಾರಕ್ಕೆಂದು ತಂದರು. 1955ರಲ್ಲಿ ಪುಣೆಯಲ್ಲಿ ಕಂಡುಬಂದ ಪಾರ್ಥೇನಿಯಂ ಸಸ್ಯವು ಕಾಂಗ್ರೆಸ್ ಗಿಡವೆನಿಸಿ ಹೊಲ ಬದುಗಳನ್ನೆಲ್ಲ ವ್ಯಾಪಿಸಿತು. ಭಕ್ತರ ಮನೆಗಳಲ್ಲಿಯೇ ತುಂಬೆಯನ್ನು ಗುರುತಿಸಲಾರದ ಮಕ್ಕಳು ಬೆಳೆಯುತ್ತಿರುವರು. ಹೆಸರು ಮರೆತ ಗಿಡವನ್ನು ಕಾಯುವವರಾರು?

ಆದುದರಿಂದ ಈ ಮಹೋತ್ಸವದ ಸ್ಮರಣೆಗಾಗಿ ಪ್ರತಿಯೊಬ್ಬ ಸದ್ಭಕ್ತನೂ ಹಿತ್ತಿಲಲ್ಲಿ ಒಂದು ಬಿಲ್ವವನ್ನೂ ಬದುವಿನಲ್ಲಿ ಒಂದು ಮುತ್ತುಗವನ್ನೂ ನೆಡಲಿ. ತುಂಬೆಗೆ ಒಂದು ಮೂಲೆಯನ್ನು ಬಿಡಲಿ. ಪಾರ್ಥೇನಿಯಂ ಮೈಗೆ ತುರಿಕೆ ತರುವುದರಿಂದ, ಕೈಗೆ ಬಟ್ಟೆ ಸುತ್ತಿಕೊಂಡು ಅದನ್ನು ಹೂಬಿಡುವ ಮೊದಲೇ ಕೀಳಲಿ. ಪೂಜೆಗೆ ಬೇಕಾದಷ್ಟೇ ಎಲೆ ಕೊಯ್ದು, ಉಳಿದುದನ್ನು ಗಿಡಕ್ಕೇ ಬಿಡಲಿ. ನೀರೆರೆಯುವ ಈ ಕೈಕೆಲಸವೂ ಕಾಯಕವೇ. ಮಕ್ಕಳನ್ನು ಜೊತೆಗೆ ಕರೆದು ಮಾಡಿದರೆ, ಆ ಕಾಯಕವು ಮುಂದಿನ ತಲೆಮಾರಿಗೂ ಸಲ್ಲುವುದು.