ಕನ್ನಡತ್ತು ಪೈಂಗಿಳಿ: ಬಿ. ಸರೋಜಾದೇವಿ ಬಗ್ಗೆ ಒಂದಿಷ್ಟು ಮಾತು

ಇವತ್ತು ಸಿನಿಮಾ ಬಗ್ಗೆ ಮಾತಾಡ್ತೀನಿ ಅಂದಾಗ ನಮ್ಮ ಗುಂಪಿನ ಕೆಲವರು ನಕ್ಕರು. ಹೋದ ಸಲ ಬಂದು ಪಿ.ಎಫ್. ವರ್ಗಾವಣೆ ಬಗ್ಗೆ ಮಾತಾಡಿದವನು ಈ ಸಲ ಸರೋಜಾದೇವಿ ಅಂತಾನಲ್ಲ ಅಂತ. ಕಾರಣ ಇದೆ, ಹೇಳ್ತೀನಿ.

ನಾನು ಚೆನ್ನೈಗೆ ಬಂದು ಹನ್ನೊಂದು ವರ್ಷ ಆಯ್ತು. ಮೊದಲು ಬಾಡಿಗೆಗೆ ಸಿಕ್ಕಿದ್ದು ವೇಳಚ್ಚೇರಿಯಲ್ಲಿ ಒಂದು ಮಹಡಿ ಮನೆ. ಕೆಳಗೆ ಮನೆ ಯಜಮಾನಿ, ಎಪ್ಪತ್ತು ದಾಟಿದ ಪಾಟಿ. ಯಾವ ಊರು ಅಂತ ಕೇಳಿದರು. ಹಾಸನ ಅಂದೆ. ಅವರಿಗೆ ಗೊತ್ತಾಗಲಿಲ್ಲ. ಕರ್ನಾಟಕ ಅಂದೆ. "ಓ, ಕನ್ನಡಮಾ? ಸರೋಜಾದೇವಿ ಊರು!" ಅಂದ್ರು. ಮುಂಗಡ ಹತ್ತು ತಿಂಗಳಿಂದ ಆರು ತಿಂಗಳಿಗೆ ಇಳೀತು. ಅದು ಸರೋಜಾದೇವಿ ಕೃಪೆಯೋ ಅಲ್ಲವೋ ಗೊತ್ತಿಲ್ಲ, ನಾನಂತೂ ಅವರ ಲೆಕ್ಕಕ್ಕೇ ಬರೆದುಕೊಂಡಿದ್ದೀನಿ.

ಅದೇ ವರ್ಷ ಆಫೀಸಲ್ಲಿ ಒಂದು ಪ್ರಸಂಗ ನಡೀತು. ಹೊಸದಾಗಿ ತಮಿಳು ಕಲೀತಿದ್ದೆ, ಹುಮ್ಮಸ್ಸು ಜಾಸ್ತಿ. ಬೆಳಗಿನ ಮೀಟಿಂಗಿಗೆ ಬಂದ ಒಬ್ಬ ಹಿರಿಯರಿಗೆ "ವಾಂಗ ಸಾರ್" ಅನ್ನೋ ಬದಲು "ಬಾಂಗ ಸಾರ್" ಅಂದುಬಿಟ್ಟೆ. ನಮಗೆ "ಬಾ", ಅವರಿಗೆ "ವಾ". ಅಷ್ಟೇ ವ್ಯತ್ಯಾಸ. ಆರು ತಿಂಗಳು ನನ್ನ ಹೆಸರೇ ಬಾಂಗ. ಕ್ಯಾಂಟೀನಲ್ಲಿ ಬಾಂಗ, ಲಿಫ್ಟಲ್ಲಿ ಬಾಂಗ. ಕೆಟ್ಟ ಮನಸ್ಸಿಂದ ಅಲ್ಲ, ತಮಾಷೆಗೆ. ಆದರೆ ನಾನು ಅಲ್ಲಿಂದ ಎರಡು ವರ್ಷ ತಮಿಳಲ್ಲಿ ಬಾಯೇ ಬಿಡಲಿಲ್ಲ. ತರಕಾರಿ ಅಂಗಡೀಲೂ ಇಂಗ್ಲಿಷ್. ಹೈದರಾಬಾದಲ್ಲಿರೋರು, ಪುಣೆಯಲ್ಲಿರೋರು, ನಿಮಗೂ ಇಂಥದ್ದೊಂದು ಪದ ಇದ್ದೇ ಇರುತ್ತೆ. ಆ ಎರಡು ವರ್ಷದಲ್ಲಿ ಪಾಟಿ ಮನೆ ಟಿವಿಯಲ್ಲಿ ನಾನು ನೋಡಿದ್ದು ಈ ಹೆಣ್ಣುಮಗಳನ್ನ.

ಬಿ. ಸರೋಜಾದೇವಿ ಹುಟ್ಟಿದ್ದು 1938ರ ಜನವರಿ 7ರಂದು, ಬೆಂಗಳೂರಲ್ಲಿ. ಅಪ್ಪ ಭೈರಪ್ಪ ಪೊಲೀಸ್ ಇಲಾಖೆಯವರು, ಅಮ್ಮ ರುದ್ರಮ್ಮ. ಒಕ್ಕಲಿಗರ ಮನೆ, ನಾಲ್ಕನೇ ಮಗಳು. ಮಗಳಿಗೆ ನೃತ್ಯ ಕಲಿಸಬೇಕು ಅಂತ ಆಸೆಪಟ್ಟವರು ಅಪ್ಪ. ಕಾವಲಿಗೆ ನಿಂತವರು ಅಮ್ಮ. ಈಜುಡುಗೆ ಹಾಕಬಾರದು, ತೋಳಿಲ್ಲದ ರವಿಕೆ ತೊಡಬಾರದು ಅಂತ ಅಮ್ಮ ಹಾಕಿದ ಕಟ್ಟಳೆಯನ್ನ ಮಗಳು ಕೊನೇವರೆಗೂ ಮೀರಲಿಲ್ಲ. ಬೊಂಬಾಯಿಯ ನಿರ್ಮಾಪಕರ ಹತ್ರ ಕೆಲಸ ಮಾಡುವಾಗಲೂ ಅದೇ ಷರತ್ತು. ಇದನ್ನ ನಾನು ಸಂಪ್ರದಾಯದ ಹೆಗ್ಗಳಿಕೆ ಅಂತ ಹೇಳ್ತಿಲ್ಲ. ಇಪ್ಪತ್ತರ ಹುಡುಗಿಯೊಬ್ಬಳು ದೊಡ್ಡ ದೊಡ್ಡ ಸ್ಟುಡಿಯೋಗಳ ಮುಂದೆ ತನ್ನ ಷರತ್ತು ಇಟ್ಟು ಗೆದ್ದಳು ಅನ್ನೋದು ನನಗೆ ಮುಖ್ಯ. ನಾವು ಆಫರ್ ಲೆಟರ್ ಬಂದಾಗ ಒಂದು ಸಾಲನ್ನಾದರೂ ಬದಲಾಯಿಸಿ ಅಂತ ಕೇಳ್ತೀವಾ?

ಮೊದಲ ಸಿನಿಮಾ 1955ರ 'ಮಹಾಕವಿ ಕಾಳಿದಾಸ'. ಹೊನ್ನಪ್ಪ ಭಾಗವತರು ಕಾಳಿದಾಸ, ಹದಿನೇಳರ ಈ ಹುಡುಗಿ ವಿದ್ಯಾಧರೆ. ಭಾಗವತರೇ ಅವಕಾಶ ಕೊಟ್ಟವರು. ಅಲ್ಲಿಂದ ಮದ್ರಾಸು.

ಇಲ್ಲೊಂದು ಮಾತು. ಆ ಕಾಲದಲ್ಲಿ ಕನ್ನಡ ಸಿನಿಮಾ ಮಾಡಬೇಕಂದ್ರೂ ಮದ್ರಾಸಿಗೇ ಹೋಗಬೇಕಿತ್ತು. ಸ್ಟುಡಿಯೋ, ಲ್ಯಾಬು, ಕ್ಯಾಮರಾ, ಹಾಡಿನ ರೆಕಾರ್ಡಿಂಗು ಎಲ್ಲಾ ಕೋಡಂಬಾಕ್ಕಂ, ವಡಪಳನಿ ಸುತ್ತಮುತ್ತ. ಬಿ.ಆರ್. ಪಂತುಲು, ಎಂ.ವಿ. ರಾಜಮ್ಮ, ಪಂಡರಿಬಾಯಿ, ರಾಜಕುಮಾರ್ ಎಲ್ಲರೂ ಮದ್ರಾಸಲ್ಲಿ ಸಂಸಾರ ಹೂಡಿದವರೇ. ಇವತ್ತು ನಾವು ಓ.ಎಂ.ಆರ್. ರಸ್ತೆಯಲ್ಲಿ ಕ್ಯಾಬಿಗೆ ಕಾಯ್ತೀವಲ್ಲ, ಹೊಟ್ಟೆಪಾಡಿಗೆ ಈ ಊರಿಗೆ ಬಂದ ಕನ್ನಡಿಗರಲ್ಲಿ ನಾವು ಮೊದಲಿನವರೇನಲ್ಲ.

1958ರಲ್ಲಿ 'ನಾಡೋಡಿ ಮನ್ನನ್' ಬಂತು. ಎಂ.ಜಿ.ಆರ್. ಅವರೇ ನಿರ್ಮಾಣ, ಅವರೇ ನಿರ್ದೇಶನ, ದ್ವಿಪಾತ್ರವೂ ಅವರದೇ. ಇದರ ಕಥೆ ಮಜವಾಗಿದೆ. ಮೊದಲ ನಾಯಕಿ ಭಾನುಮತಿ. ಅವರಿಗೂ ಎಂ.ಜಿ.ಆರ್.ಗೂ ಸರಿಬರಲಿಲ್ಲ, ಭಾನುಮತಿ ಹೊರಗೆ ಬಂದರು. ಅವರ ಪಾತ್ರ ಕಥೆಯ ನಡುವೆಯೇ ಸತ್ತುಹೋಗುತ್ತೆ. ಆಮೇಲೆ ಹೊಸ ನಾಯಕಿ ಬರ್ತಾಳೆ, ರಾಜಕುಮಾರಿ. ಚಿತ್ರದ ಕೊನೆಯ ಭಾಗ ಬಣ್ಣದಲ್ಲಿದೆ. ಅಲ್ಲಿವರೆಗೂ ಕಪ್ಪು ಬಿಳುಪು ನೋಡಿ ಕೂತಿದ್ದ ಜನಕ್ಕೆ ಬಣ್ಣವೂ ಈ ಹುಡುಗಿಯೂ ಒಟ್ಟೊಟ್ಟಿಗೆ ಸಿಕ್ಕ ಹಾಗೆ ಆಯ್ತು. ಆ ಸಡಗರದ ಬಗ್ಗೆ ಪಾಟಿಯನ್ನ ಕೇಳಬೇಕು. ಅವರು ಆಗ ಶಾಲೆಗೆ ಹೋಗೋ ಹುಡುಗಿ. ಇಂಟರ್ವೆಲ್ ಆದ ಮೇಲೆ ಬರೋ ಹೀರೋಯಿನ್ನಿಗೆ ಆ ಪಾಟಿ ಶಿಳ್ಳೆ ಬಿತ್ತು ಅಂದ್ರೆ ನೀವೇ ಯೋಚನೆ ಮಾಡಿ.

ಮರುವರ್ಷ ಶ್ರೀಧರ್ ಅವರ 'ಕಲ್ಯಾಣ ಪರಿಸು'. ಅಕ್ಕನಿಗೋಸ್ಕರ ತನ್ನ ಪ್ರೀತಿ ಬಿಟ್ಟುಕೊಡೋ ತಂಗಿ. ಅದಾದ ಮೇಲೆ ಕೇಳಬೇಕೇ? 'ಪಾಲುಂ ಪಳಮುಂ', 'ಆಲಯಮಣಿ', 'ಎಂಗ ವೀಟ್ಟು ಪಿಳ್ಳೈ', 'ಅನ್ಬೇ ವಾ'. ಶಿವಾಜಿ, ಎಂ.ಜಿ.ಆರ್., ಜೆಮಿನಿ ಮೂವರ ಜೊತೆಗೂ. ತೆಲುಗಲ್ಲಿ ಎನ್.ಟಿ.ಆರ್. ಜೊತೆ 'ಪಾಂಡುರಂಗ ಮಹಾತ್ಮ್ಯಂ', 'ಜಗದೇಕವೀರುನಿ ಕಥ'. ಹಿಂದಿಯಲ್ಲಿ 1959ರ 'ಪೈಗಾಂ', ದಿಲೀಪ್ ಕುಮಾರ್ ಇದ್ದ ಚಿತ್ರ. 1961ರಲ್ಲಿ ರಾಜೇಂದ್ರ ಕುಮಾರ್ ಜೊತೆ 'ಸಸುರಾಲ್'. ಆ ಚಿತ್ರದ ಒಂದು ಹಾಡಿಗೆ ರಫಿಯವರಿಗೆ ಫಿಲ್ಮ್‌ಫೇರ್ ಬಂತು. ನಾಯಕಿಯ ಚೆಲುವನ್ನ ಹೊಗಳೋ ಹಾಡು, ಮುಂಬೈನಲ್ಲಿರೋರು ಈಗಾಗಲೇ ಗುನುಗ್ತಿರ್ತೀರಿ. ಶಮ್ಮಿ ಕಪೂರ್ ಜೊತೆ 'ಪ್ಯಾರ್ ಕಿಯಾ ತೋ ಡರನಾ ಕ್ಯಾ'. ನಾಲ್ಕು ಭಾಷೆ, ನಾಲ್ಕು ಊರು, ಒಂದೇ ದಶಕ. ಒಟ್ಟು ಚಿತ್ರ ಇನ್ನೂರರ ಹತ್ರ.

ಈಗ ನನ್ನ ವಿಷಯಕ್ಕೆ ಬರ್ತೀನಿ. ಸರೋಜಾದೇವಿ ಮಾತಾಡಿದ ತಮಿಳು ತಮಿಳರ ತಮಿಳಲ್ಲ. ಕೇಳಿದ ಕೂಡಲೇ ಗೊತ್ತಾಗುತ್ತೆ. ಮಾತಿನ ಕೊನೆ ಸ್ವಲ್ಪ ಎಳೀತಾರೆ, ಅಕ್ಷರಕ್ಕೆ ಒಂದು ಮುದ್ದು ಇರುತ್ತೆ, ರಾಗ ನಮ್ಮ ಕಡೆಯದು. ತಮಿಳಿನ ಒಂದು ಅಕ್ಷರ ಇದೆ, "ತಮಿಳು" ಅನ್ನೋ ಪದದ ಕೊನೆಗೇ ಬರೋದು. ಹಳಗನ್ನಡದಲ್ಲಿ ನಮಗೂ ಇತ್ತು, ೞ ಅಂತ ಬರೀತಿದ್ವಿ. ಶತಮಾನಗಳ ಹಿಂದೆ ಕಳ್ಕೊಂಡ್ವಿ. ಈಗ ಹೇಳೋಕೆ ಹೋದ್ರೆ ನಾಲಿಗೆ ಎಲ್ಲೋ ಸಿಕ್ಕಿಹಾಕಿಕೊಳ್ಳುತ್ತೆ. ಭಾಷೆಯ ವಿಷಯದಲ್ಲಿ ತಮಿಳರು ಎಷ್ಟು ಬಿಗಿ ಅಂತ ನಿಮಗೆ ಗೊತ್ತು. ಅದರಲ್ಲೂ ಆ ಕಾಲ. ಸಂಭಾಷಣೆ ಬರೆಯೋರೇ ಜನನಾಯಕರಾಗಿದ್ದ ಕಾಲ, ಉಚ್ಚಾರಕ್ಕೇ ಚಪ್ಪಾಳೆ ಹೊಡೀತಿದ್ದ ಕಾಲ. ಅಂಥಾ ಜನ ಈ ಹೆಣ್ಣುಮಗಳ ತಮಿಳು ಕೇಳಿ ಏನು ಹೆಸರಿಟ್ಟರು? "ಕನ್ನಡತ್ತು ಪೈಂಗಿಳಿ". ಕನ್ನಡದ ಹಸಿರು ಗಿಳಿ. ಎಲ್ಲಿಂದ ಬಂದವಳು ಅನ್ನೋದನ್ನ ಮುಚ್ಚಿಡಲಿಲ್ಲ, ಬಿರುದಿಗೇ ಸೇರಿಸಿದರು.

'ಪುದಿಯ ಪರವೈ' ನೋಡಿ, 1964ರದ್ದು. ಶಿವಾಜಿ ಗಣೇಶನ್ ಅವರ ಸ್ವಂತ ಚಿತ್ರ. ಅದರಲ್ಲಿ ಸರೋಜಾದೇವಿ ನಾಯಕನನ್ನ "ಗೋಪಾಲ್" ಅಂತ ಕರೀತಾರೆ. ಅದೊಂದು ಹೆಸರು ಕರೆಯೋದನ್ನ ತಮಿಳುನಾಡಿನ ಮಿಮಿಕ್ರಿಯವರು ಅರವತ್ತು ವರ್ಷದಿಂದ ಮಾಡ್ತಾನೇ ಇದ್ದಾರೆ. ಮೊದಲ ಸಲ ಕೇಳಿದಾಗ ನನಗೆ ಸಿಟ್ಟು ಬಂತು, ಬಾಂಗ ನೆನಪಾಯ್ತು. ಆಮೇಲೆ ಸಿನಿಮಾ ಪೂರ್ತಿ ನೋಡಿದೆ. ಕಥೆ ಬಿಟ್ಟುಕೊಡಬಾರದು ನಿಜ, ಆದರೆ ಅರವತ್ತು ವರ್ಷ ಆಯ್ತಲ್ಲ, ಹೇಳಿಬಿಡ್ತೀನಿ. ಅಷ್ಟು ಮುದ್ದಾಗಿ ಕರೆದ ಆ ಹುಡುಗಿ ಪೊಲೀಸು. ಕೊಲೆಯ ಗುಟ್ಟು ಬಿಡಿಸೋಕೆ ವೇಷ ಹಾಕಿಕೊಂಡು ಬಂದವಳು. ಆ ಮುದ್ದೇ ಅವಳ ಬಲೆ. ಕೊನೆಗೆ ತಾನೂ ಆ ಬಲೆಗೆ ಬಿದ್ದಿರ್ತಾಳೆ, ಅದು ಬೇರೆ ಮಾತು. ಜನ ಯಾವುದನ್ನ ಅಣಕಿಸ್ತಾರೋ ಅದನ್ನೇ ಆಯುಧ ಮಾಡಿಕೊಂಡ ಪಾತ್ರ ಅದು. ಪೊಲೀಸ್ ಭೈರಪ್ಪನವರ ಮಗಳು ಬೇರೆ.

ಎಲ್ಲವೂ ಚೆನ್ನಾಗಿದೆ ಅಂತ ನಾನು ಹೇಳಲ್ಲ. ಅರವತ್ತರ ದಶಕದ ನಡುವೆ ಬಂದ ಕೆಲವು ಎಂ.ಜಿ.ಆರ್. ಚಿತ್ರಗಳಲ್ಲಿ ಇವರಿಗೆ ಕೆಲಸವೇ ಇಲ್ಲ. ಹಾಡು, ಮುನಿಸು, ಮತ್ತೆ ಹಾಡು. ಆ ಮುದ್ದು ಮಾತು ಕೂಡ ಅತಿಯಾಗಿ ತಲೆ ಬಿಸಿಯಾಗುತ್ತೆ. ಹಾಗಾದಾಗ ನಾನು ತಕ್ಷಣ ಕನ್ನಡಕ್ಕೆ ಓಡ್ತೀನಿ.

'ಕಿತ್ತೂರು ಚೆನ್ನಮ್ಮ', 1961. ನಿರ್ದೇಶನ ಬಿ.ಆರ್. ಪಂತುಲು. ಅದಕ್ಕೆ ಎರಡು ವರ್ಷ ಮುಂಚೆ ಅವರೇ ತಮಿಳಲ್ಲಿ ಶಿವಾಜಿಯವರನ್ನ ಹಾಕಿಕೊಂಡು 'ವೀರಪಾಂಡಿಯ ಕಟ್ಟಬೊಮ್ಮನ್' ಮಾಡಿದ್ರು. ಕನ್ನಡಕ್ಕೆ ಬಂದಾಗ ಬ್ರಿಟಿಷರಿಗೆ ಎದುರು ನಿಲ್ಲೋ ಪಾತ್ರ ಹೆಣ್ಣಿನದು. ಮಲ್ಲಸರ್ಜನಾಗಿ ರಾಜಕುಮಾರ್ ಇದ್ದಾರೆ, ಆದರೆ ಚಿತ್ರ ಅವರದಲ್ಲ. ಅದೇ ವರ್ಷ ತಮಿಳಲ್ಲಿ ಗಿಳಿಯ ಹಾಗೆ ಉಲಿದ ಹೆಂಗಸು ಇಲ್ಲಿ ಕಂಚಿನ ಗಂಟೆ. ಎಳೆತ ಇಲ್ಲ, ಮುದ್ದು ಇಲ್ಲ, ಒಂದೊಂದು ಅಕ್ಷರವೂ ಕುಟ್ಟಿ ಕೂರಿಸಿದ ಹಾಗೆ. ಶಾಲೆಯ ಛದ್ಮವೇಷದಲ್ಲಿ ನಮ್ಮ ಅಕ್ಕತಂಗಿಯರು ಚೆನ್ನಮ್ಮ ಆಗಿದ್ದು ನೆನಪಿದೆಯಾ? ಅವರು ಮಾಡ್ತಿದ್ದದ್ದು 1824ರ ಚೆನ್ನಮ್ಮನನ್ನಲ್ಲ, 1961ರ ಚೆನ್ನಮ್ಮನನ್ನ. ನಾನು ಎರಡನ್ನೂ ಒಂದೇ ವಾರ ನೋಡಿದೆ, ತಮಿಳಿನದ್ದೊಂದು, ಇದೊಂದು. ಆಫೀಸಲ್ಲಿ ಇಂಗ್ಲಿಷಲ್ಲಿ ಮೆತ್ತಗೆ ಮಾತಾಡೋ ನಾನು, ಮನೆಗೆ ಫೋನ್ ಮಾಡಿ ಅಣ್ಣನ ಹತ್ರ ಜಗಳ ಆಡೋ ನಾನು, ಇಬ್ಬರೂ ಒಬ್ಬನೇನಾ ಅಂತ ಹೆಂಡತಿ ಕೇಳ್ತಿರ್ತಾಳೆ. ಅದು ನೆನಪಾಗಿ ನಗು ಬಂತು.

ಬೆಂಗಳೂರನ್ನ ಬಿಟ್ಟುಕೊಟ್ಟವರಲ್ಲ ಅವರು. 1964ರ 'ಅಮರಶಿಲ್ಪಿ ಜಕಣಾಚಾರಿ' ಕನ್ನಡದ ಮೊದಲ ಪೂರ್ಣ ವರ್ಣಚಿತ್ರ. ತೆಲುಗಲ್ಲೂ ಅದೇ ಕಥೆ ಬಂತು, ನಾಯಕರು ಬೇರೆ ಬೇರೆ, ಇಲ್ಲಿ ಕಲ್ಯಾಣಕುಮಾರ್, ಅಲ್ಲಿ ಅಕ್ಕಿನೇನಿ. ನಾಯಕಿ ಮಾತ್ರ ಎರಡರಲ್ಲೂ ಇವರೇ. 1967ರಲ್ಲಿ ಎಂಜಿನಿಯರ್ ಶ್ರೀಹರ್ಷ ಅವರನ್ನ ಮದುವೆಯಾದರು. ಆ ಕಾಲಕ್ಕೆ ಮದುವೆ ಅಂದ್ರೆ ನಾಯಕಿಗೆ ವಿದಾಯ. ಇವರು ಮದುವೆಯಾದ ಮೇಲೆ 1969ರಲ್ಲಿ ಪುಟ್ಟಣ್ಣ ಕಣಗಾಲರ 'ಮಲ್ಲಮ್ಮನ ಪವಾಡ' ಮಾಡಿದರು. ಬಿ. ಪುಟ್ಟಸ್ವಾಮಯ್ಯನವರ 'ಅರ್ಧಾಂಗಿ' ಕಾದಂಬರಿ. ಮುಗ್ಧ ಗಂಡನನ್ನ ಮುಂದಿಟ್ಟುಕೊಂಡು ಮಲತಾಯಿ ಆಡೋ ಆಟವನ್ನ ಓದಿದ ಸೊಸೆ ಬಯಲು ಮಾಡೋದು. ಈ ಕಥೆ ಎಲ್ಲೋ ಕೇಳಿದ ಹಾಗಿದೆಯಲ್ಲ ಅಂತೀರಾ? 1992ರ ಹಿಂದಿ 'ಬೇಟಾ'. ಮಾಧುರಿ ಮಾಡಿದ ಪಾತ್ರದ ಮೂಲ ನಮ್ಮ ಮಲ್ಲಮ್ಮ. ದೆಹಲಿ ಗೆಳೆಯರು ಮುಂದಿನ ಸಲ ಯಾರಾದರೂ ಕನ್ನಡ ಸಿನಿಮಾ ಏನಿದೆ ಅಂತ ಕೇಳಿದ್ರೆ ಇದನ್ನ ಹೇಳಿ.

1969ರಲ್ಲಿ ಪದ್ಮಶ್ರೀ, 1992ರಲ್ಲಿ ಪದ್ಮಭೂಷಣ. ಗಂಡ 1986ರಲ್ಲಿ ತೀರಿಕೊಂಡರು. ಮಲ್ಲೇಶ್ವರದ ಮನೆಯಲ್ಲಿ ಬಾಳಿದರು, ಆಗೊಮ್ಮೆ ಈಗೊಮ್ಮೆ ಬಣ್ಣ ಹಚ್ಚಿದರು. 1984ರ 'ಯಾರಿವನು' ಚಿತ್ರದಲ್ಲಿ ಪುನೀತ್ ಪುಟ್ಟ ಹುಡುಗ, ಇವರೂ ಇದ್ದಾರೆ. ಮೂವತ್ತೈದು ವರ್ಷ ಆದ ಮೇಲೆ 2019ರ 'ನಟಸಾರ್ವಭೌಮ'ದಲ್ಲಿ ಅದೇ ಪುನೀತ್ ನಾಯಕ, ಇವರು ಒಂದು ಸಣ್ಣ ಪಾತ್ರದಲ್ಲಿ ಬಂದು ಹೋಗ್ತಾರೆ. ಅದಾದ ಮೂರು ವರ್ಷದೊಳಗೇ ಪುನೀತ್ ಹೋದರು. ಇವರು ಇದ್ದರು.

2025ರ ಜುಲೈ 14, ಸೋಮವಾರ. ಬೆಳಿಗ್ಗೆ ನಾನು ಕಾಲ್‌ನಲ್ಲಿದ್ದೆ. ಆ ಹೊತ್ತಿಗೆ ನಾವು ಆ ಮನೆ ಬಿಟ್ಟು ಎರಡು ಬೀದಿ ಆಚೆ ಸ್ವಂತ ಫ್ಲ್ಯಾಟಿಗೆ ಬಂದಾಗಿತ್ತು. ಬಾಗಿಲು ಬಡಿದ ಸದ್ದು. ಪಾಟಿ, ಮೊಮ್ಮಗನ ಕೈ ಹಿಡಿದುಕೊಂಡು ನಡೆದೇ ಬಂದಿದ್ದರು. "ನಮ್ಮ ಸರೋಜಾದೇವಿ ಪೋಯಿಟ್ಟಾಂಗ" ಅಂದ್ರು. ತಮಿಳಲ್ಲೂ "ನಮ್ಮ" ಅಂದ್ರೆ ನಮ್ಮ ಅಂತಲೇ. ದುಃಖ ಕೇಳೋಕೆ ನನ್ನ ಮನೆಗೆ ಬಂದಿದ್ದರು ಅವರು, ನಮ್ಮ ಮನೆಯಲ್ಲೇ ಯಾರೋ ತೀರಿಕೊಂಡ ಹಾಗೆ. ಏನು ಹೇಳಬೇಕೋ ತೋಚಲಿಲ್ಲ. "ಬಾಂಗ ಪಾಟಿ, ಉಕ್ಕಾರುಂಗ" ಅಂದೆ. ಅವರು ತಿದ್ದಲಿಲ್ಲ. ಕಾಲ್ ಮ್ಯೂಟ್ ಮಾಡಿ ಕಾಫಿ ಇಟ್ಟೆ. ಟಿವಿಯಲ್ಲಿ ಮಲ್ಲೇಶ್ವರದ ಮನೆ ತೋರಿಸ್ತಿದ್ರು, ಕಣ್ಣು ದಾನ ಮಾಡಿದ್ದಾರೆ ಅಂತ ಬಂತು. ಮರುದಿನ ಚನ್ನಪಟ್ಟಣದ ಹತ್ರ ದಶವಾರದಲ್ಲಿ ಅಂತ್ಯಕ್ರಿಯೆ. ದಶವಾರ ಎಲ್ಲಿ ಅಂತ ಪಾಟಿ ಕೇಳಿದರು. ಬೆಂಗಳೂರಿಂದ ಮೈಸೂರಿಗೆ ಹೋಗೋ ದಾರಿ ಅಂದೆ. ನಿಮ್ಮ ಹಾಸನಕ್ಕೆ ಹತ್ರವಾ ಅಂದ್ರು. ಅಷ್ಟು ವರ್ಷ ಆದ ಮೇಲೆ ಊರಿನ ಹೆಸರು ನೆನಪಿತ್ತು.

ಎಲ್ಲಿಂದ ಶುರು ಮಾಡೋದು ಅಂತ ಮೇಲ್ ಮಾಡಿದವರಿಗೆ ಹೇಳಿಬಿಡ್ತೀನಿ. ಮಕ್ಕಳ ಜೊತೆ ಕೂತು ನೋಡೋದಾದ್ರೆ 'ಕಿತ್ತೂರು ಚೆನ್ನಮ್ಮ'. ರಾತ್ರಿ ಒಬ್ಬರೇ ನೋಡೋದಾದ್ರೆ 'ಪುದಿಯ ಪರವೈ'. 'ನಾಡೋಡಿ ಮನ್ನನ್' ತುಂಬಾ ಉದ್ದ, ಮೂರು ಗಂಟೆಗೂ ಮೇಲೆ. ಅರ್ಧ ಆದ ಮೇಲೆ ಬರ್ತಾರೆ, ಎದ್ದು ಹೋಗಬೇಡಿ.